ಇಂಜೆಕ್ಷನ್ ಕಳಚಿ ಕಾರ್ಬುರೇಟರು ಕೂಡಿಸುವುದೇ?

ಚಳಿಗಾಲದ ಬೆಳಗಿನಲ್ಲಿ ಮನೆಯ ಮುಂದೆ ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿ, ಚೋಕನ್ನು ಎಳೆದು, ಹತ್ತಾರು ಬಾರಿ ಒದ್ದು ಅದನ್ನು ಎಚ್ಚರಗೊಳಿಸುತ್ತಿದ್ದ ಯಜಮಾನರನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರುವರು. ಆ ಶ್ರಮಕ್ಕೆಲ್ಲ ಕಾರಣವಾಗಿದ್ದ ಕಾರ್ಬುರೇಟರೆಂಬ ಚಿಕ್ಕ ಯಂತ್ರವು, 2020ನೆಯ ಇಸವಿ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಹೊಗೆಯ ನಿಯಮವು ಜಾರಿಗೆ ಬಂದ ಮೇಲೆ, ನಮ್ಮ ದೇಶದ ಹೊಸ ದ್ವಿಚಕ್ರ ವಾಹನಗಳಿಂದ ಬಹುಮಟ್ಟಿಗೆ ಮರೆಯಾಯಿತು. ಅದರ ಸ್ಥಾನಕ್ಕೆ ಬಂದುದು ಇಂಜೆಕ್ಷನ್. ಹೀಗಿರುವಲ್ಲಿ, ಇಂಜೆಕ್ಷನ್ ಇರುವ ಒಂದು ವೇಗದ ಮೋಟಾರಿನಿಂದ ಅದನ್ನು ಕಳಚಿ, ಪುನಃ ಕಾರ್ಬುರೇಟರನ್ನು ಕೂಡಿಸಬೇಕೆಂದು ಯೋಚಿಸುವವರೂ ಲೋಕದಲ್ಲಿ ಇರುವರೆಂದರೆ ಆಶ್ಚರ್ಯವಾದೀತು. ಆದರೆ ಇರುವರು. ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಹಳೆಯ ಮೋಟಾರುಗಳನ್ನು ಮಕ್ಕಳಂತೆ ಸಾಕುವ ಗೃಹಸ್ಥರಿಗೆ ಇದು ಬಹುಕಾಲದಿಂದ ನಿದ್ದೆಗೆಡಿಸುವ ಪ್ರಶ್ನೆಯಾಗಿದೆ; ಅವರೆಲ್ಲರೂ ಅವಿವೇಕಿಗಳೂ ಅಲ್ಲ.

ಮೊದಲು ಎರಡರ ಕೆಲಸವನ್ನು ತಿಳಿಯೋಣ. ಒಂದು ಪಾಲು ಪೆಟ್ರೋಲು ಹದವಾಗಿ ಉರಿಯಬೇಕಾದರೆ ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು. ಕಾರ್ಬುರೇಟರಿನ ಗಂಟಲು ನಡುವೆ ಕಿರಿದಾಗಿರುವುದು. ಎಂಜಿನ್ನು ಉಸಿರೆಳೆದಾಗ ಗಾಳಿಯು ಆ ಇಕ್ಕಟ್ಟಿನಲ್ಲಿ ರಭಸದಿಂದ ಹಾಯುವುದು. ರಭಸ ಹೆಚ್ಚಿದಲ್ಲಿ ಒತ್ತಡ ತಗ್ಗುವುದು. ತಗ್ಗಿದೆಡೆಗೆ ಪಕ್ಕದ ಬಟ್ಟಲಿನ ಪೆಟ್ರೋಲು ಜೆಟ್ಟೆಂಬ ಸಣ್ಣ ರಂಧ್ರದ ಮೂಲಕ ತಾನಾಗಿ ಏರಿ ತುಂತುರಾಗುವುದು. ಇದು ಅಜ್ಜಿಯ ಕೈ ಅಳತೆಯ ಉಪ್ಪಿನಂತೆ. ನಿತ್ಯದ ಅಡಿಗೆಗೆ ಬಹಳ ಸರಿ. ಒಲೆ, ಪಾತ್ರೆ, ಊರು ಬದಲಾದರೆ ಹದ ತಪ್ಪುವುದುಂಟು. ಸಮುದ್ರತೀರದಲ್ಲಿ ಸರಿಯಾಗಿದ್ದ ಜೆಟ್ಟು, 1,600 ಮೀಟರು ಎತ್ತರದ ಡೆನ್ವರ್ ಪಟ್ಟಣದ ತೆಳುಗಾಳಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲನ್ನು ಬಡಿಸುವುದು. ಮತ್ತೊಂದು ತೊಂದರೆಯು ಆ ಬಟ್ಟಲಿನದು. ಎರಡನೆಯ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಬ್ರಿಟಿಷರ ಸ್ಪಿಟ್‌ಫೈರ್ ವಿಮಾನವು ಮೂಗು ತಗ್ಗಿಸಿ ಥಟ್ಟನೆ ಕೆಳಗೆ ಧುಮುಕಿದರೆ ಬಟ್ಟಲಿನ ಪೆಟ್ರೋಲು ಮೇಲಕ್ಕೆ ಎಗರಿ ಎಂಜಿನ್ನು ಉಸಿರುಕಟ್ಟುತ್ತಿತ್ತು. ಇಂಜೆಕ್ಷನ್ ಇದ್ದ ಜರ್ಮನರ ವಿಮಾನಕ್ಕೆ ಆ ಭಯವಿರಲಿಲ್ಲ. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರು ಒಂದು ಸಣ್ಣ ತೂತಿನ ಲೋಹದ ಬಿಲ್ಲೆಯನ್ನು ಪೆಟ್ರೋಲಿನ ದಾರಿಯಲ್ಲಿ ಕೂಡಿಸಿ ಆ ದೋಷವನ್ನು ಬಹುಮಟ್ಟಿಗೆ ಹತೋಟಿಗೆ ತಂದರು. ಆಕೆಯ ಚರಿತ್ರೆಯೇ ಬೇರೊಂದು ಲೇಖನಕ್ಕೆ ಯೋಗ್ಯವಾದುದು.

ಇಂಜೆಕ್ಷನ್ನಾದರೋ ತಕ್ಕಡಿ ಹಿಡಿದು ಬಡಿಸುವ ಕ್ರಮ. ಪಂಪು ಪೆಟ್ರೋಲನ್ನು ಒತ್ತಡದಲ್ಲಿ ನಿಲ್ಲಿಸಿರುವುದು. ಎಂಜಿನ್ನಿನೊಳಗೆ ಹೋಗುವ ಗಾಳಿ ಎಷ್ಟೆಂದು ಒಂದು ಸಾಧನವು ಅರಿತು, ಅದಕ್ಕೆ ತಕ್ಕಷ್ಟೇ ಪೆಟ್ರೋಲನ್ನು ಸೂಜಿಬಾಯಿಗಳಿಂದ ಚಿಮ್ಮಿಸುವುದು. ಯೋಚನೆ ಉತ್ತಮ; ಆದರೆ ತಕ್ಕಡಿಯು ಸುಳ್ಳು ಹೇಳತೊಡಗಿದರೆ ಅದನ್ನು ಸರಿಪಡಿಸಬಲ್ಲ ಅಕ್ಕಸಾಲಿಗನೂ ಬೇಕಲ್ಲವೆ? ನಮ್ಮ ಪ್ರಶ್ನೆಯು ಹುಟ್ಟಿದ್ದೇ ಅಲ್ಲಿ.

1957ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯವರು ಕಾರ್ವೆಟ್ ಎಂಬ ತಮ್ಮ ವೇಗದ ಮೋಟಾರಿಗೆ ರೋಚೆಸ್ಟರ್ ಇಂಜೆಕ್ಷನ್ನನ್ನು ಅಳವಡಿಸಿದರು. 283 ಘನ ಅಂಗುಲದ ಎಂಜಿನ್ನಿನಿಂದ 283 ಅಶ್ವಶಕ್ತಿ ಎಂದು ಜಾಹೀರಾತು ಹೊರಟಿತು. ಆ ವರ್ಷ ತಯಾರಾದ 6,339 ಕಾರ್ವೆಟ್ಟುಗಳಲ್ಲಿ 1,040ಕ್ಕೆ ಇಂಜೆಕ್ಷನ್ ಇತ್ತು. ಪಂದ್ಯದ ಮೈದಾನದಲ್ಲಿ ಅದಕ್ಕೆ ಕೀರ್ತಿ ಬಂದಿತು. ಊರ ಕಾರ್ಖಾನೆಯಲ್ಲಿ ಮಾತ್ರ ಅಪಕೀರ್ತಿ. ಕಸ ಸೇರಿ ಸೂಜಿಬಾಯಿ ಕಟ್ಟುವುದು, ಎಂಜಿನ್ನು ಬಿಸಿಯಾಗಿರುವಾಗ ಮತ್ತೆ ಹೊರಡಲು ಹಟಮಾಡುವುದು, ಪಂಪನ್ನು ತಿರುಗಿಸುವ ತಂತಿ ತುಂಡಾಗುವುದು—ಇವನ್ನು ಬಲ್ಲ ಮೇಸ್ತ್ರಿಗಳು ವಿರಳ. ಕಾರ್ಬುರೇಟರನ್ನೋ ಪ್ರತಿಯೊಬ್ಬ ಮೇಸ್ತ್ರಿಯೂ ಕಣ್ಣುಮುಚ್ಚಿ ಬಿಚ್ಚಬಲ್ಲವನಾಗಿದ್ದನು. ಆದುದರಿಂದ ಎಷ್ಟೋ ಮಾಲೀಕರು ಇಂಜೆಕ್ಷನ್ನನ್ನು ತೆಗೆಸಿ ಕಾರ್ಬುರೇಟರನ್ನು ಹಾಕಿಸಿದರು. ಕೊನೆಗೆ 1965ರಲ್ಲಿ 375 ಅಶ್ವಶಕ್ತಿಯ ಇಂಜೆಕ್ಷನ್ ಎಂಜಿನ್ನಿಗೆ 538 ಡಾಲರು ಹೆಚ್ಚುವರಿ ಕೇಳುತ್ತಿದ್ದಾಗ, ಕಾರ್ಬುರೇಟರಿದ್ದ 425 ಅಶ್ವಶಕ್ತಿಯ ದೊಡ್ಡ ಎಂಜಿನ್ನು 300 ಡಾಲರಿಗೂ ಕಡಿಮೆ ಹೆಚ್ಚುವರಿಗೆ ದೊರೆಯುವಂತಾಯಿತು. ಗಿರಾಕಿಗಳು ಲೆಕ್ಕ ಬಲ್ಲವರು. ಆ ವರ್ಷ 771 ಮಂದಿ ಮಾತ್ರ ಇಂಜೆಕ್ಷನ್ ಕೊಂಡರು. ಅಲ್ಲಿಗೆ ಅದು ನಿಂತಿತು.

ಇದಕ್ಕಿಂತ ವಿಚಿತ್ರವಾದುದು ಕ್ರೈಸ್ಲರ್ ಸಂಸ್ಥೆಯ ಕಥೆ. 1958ರಲ್ಲಿ ಅವರು ಬೆಂಡಿಕ್ಸ್ ಸಂಸ್ಥೆಯ ಎಲೆಕ್ಟ್ರೋಜೆಕ್ಟರ್ ಎಂಬ ವಿದ್ಯುತ್ ಇಂಜೆಕ್ಷನ್ನನ್ನು ಸುಮಾರು 35 ಮೋಟಾರುಗಳಿಗೆ ಹಾಕಿದರು. ಅಂದಿನ ವಿದ್ಯುತ್ ಉಪಕರಣಗಳು ಎಂಜಿನ್ನಿನ ಬಿಸಿಯನ್ನೂ ಅದುರನ್ನೂ ತಾಳಲಾರದೆ ಹೋದವು. ಬಹುತೇಕ ಗಾಡಿಗಳಿಗೆ ಕಾರ್ಬುರೇಟರನ್ನೇ ಕೂಡಿಸಿಕೊಡಬೇಕಾಯಿತು. ಆದರೆ ಆ ಯೋಚನೆ ಸಾಯಲಿಲ್ಲ. ಬೆಂಡಿಕ್ಸಿನವರ ಹಕ್ಕುಗಳನ್ನು ಪಡೆದ ಜರ್ಮನಿಯ ಬಾಷ್ ಸಂಸ್ಥೆಯವರು ಅದನ್ನು ಪಳಗಿಸಿ, 1967ರಲ್ಲಿ ಡಿ-ಜೆಟ್ರಾನಿಕ್ ಎಂಬ ಹೆಸರಿನಿಂದ ಹೊರತಂದರು. ‘ಡಿ’ ಎಂದರೆ ಒತ್ತಡಕ್ಕಿರುವ ಜರ್ಮನ್ ಶಬ್ದದ ಮೊದಲಕ್ಷರ.

ಇಂದು ಈ ಪ್ರಶ್ನೆಯು ಹೆಚ್ಚಾಗಿ ಕೇಳಿಬರುವುದು ಇಂತಹ ಇಂಜೆಕ್ಷನ್ ಇರುವ ಮೋಟಾರುಗಳ ವಿಷಯದಲ್ಲಿಯೇ. ಉದಾಹರಣೆಗೆ, 1969ರಿಂದ 1976ರವರೆಗೆ ತಯಾರಾದ ಪೋರ್ಷೆ 914ನ್ನು ತೆಗೆದುಕೊಳ್ಳೋಣ. ಇಬ್ಬರು ಮಾತ್ರ ಕೂರಬಹುದಾದ, ನಡುವೆ ಎಂಜಿನ್ನುಳ್ಳ ಪುಟ್ಟ ಗಾಡಿ. 1973ರ ಮಾದರಿಯಿಂದ ಬಂದ ಅದರ ಎರಡು ಲೀಟರಿನ ಎಂಜಿನ್ನಿಗೆ ಡಿ-ಜೆಟ್ರಾನಿಕ್ ಉಂಟು. ಐವತ್ತು ವರ್ಷ ದಾಟಿದ ಆ ಗಾಡಿಯು ಈಗ ಹೊಗೆ ಉಗುಳುತ್ತ, ನಿಂತಲ್ಲಿ ನಡುಗುತ್ತ, ದಾರಿಯಲ್ಲಿ ಮುಗ್ಗರಿಸುತ್ತ ಇದೆಯೆನ್ನಿ. ಮಾಲೀಕನ ಸ್ನೇಹಿತನು, ‘ಈ ಹಳೆಯ ತಂತಿಗಳ ಗೋಜಲನ್ನು ಕಿತ್ತು, ಎರಡು ವೆಬರ್ ಕಾರ್ಬುರೇಟರುಗಳನ್ನು ಹಾಕಿಸಿಬಿಡಯ್ಯ’ ಎನ್ನುವನು. ಒಪ್ಪಬೇಕೆ?

ನನ್ನ ಅಭಿಪ್ರಾಯದಲ್ಲಿ, ಮೊದಲು ರೋಗವೇನೆಂದು ನಿಶ್ಚಯಿಸದೆ ಶಸ್ತ್ರಚಿಕಿತ್ಸೆಗೆ ಒಪ್ಪಬಾರದು. ಈ ಇಂಜೆಕ್ಷನ್ನಿನ ಮಿದುಳಾದ ಪೆಟ್ಟಿಗೆಯು ಕೆಡುವುದು ಅಪರೂಪ. ಸಾಮಾನ್ಯವಾಗಿ ಕೆಡುವುದು ಗಾಳಿಯ ಒತ್ತಡವನ್ನು ಅಳೆಯುವ ಡಬ್ಬಿ: ಅದರೊಳಗಿನ ತೆಳುವಾದ ಲೋಹದ ಪರದೆಯು ವರ್ಷಾನುಗಟ್ಟಲೆ ಬಾಗಿ ಬಾಗಿ ಸೀಳುವುದು, ಸೀಳಿದೊಡನೆ ಎಂಜಿನ್ನಿಗೆ ಪೆಟ್ರೋಲು ಅತಿಯಾಗಿ ಸುರಿಯುವುದು. ಕೈಪಂಪಿನಿಂದ ಅದರ ಗಾಳಿಯನ್ನು ಹೀರಿ, ಆ ನಿರ್ವಾತವು ನಿಲ್ಲುವುದೋ ಇಳಿಯುವುದೋ ಎಂದು ನೋಡಿದರೆ ಕೆಲವೇ ನಿಮಿಷಗಳಲ್ಲಿ ಸತ್ಯ ಹೊರಬೀಳುವುದು. ಹೊಸ ಪರದೆಗಳನ್ನು ಮಾಡಿ ಮಾರುವವರು ಈಗ ಉಂಟು. ಇದಲ್ಲದೆ, ಬಿರಿತ ರಬ್ಬರು ಕೊಳವೆಯಿಂದ ಕಳ್ಳಗಾಳಿ ನುಗ್ಗುವುದು, ಭೂಸಂಪರ್ಕದ ತಂತಿಗೆ ತುಕ್ಕು ಹಿಡಿಯುವುದು, ಡಿಸ್ಟ್ರಿಬ್ಯೂಟರಿನ ತಳದಲ್ಲಿರುವ ಸಂಪರ್ಕಗಳಿಗೆ ಕೊಳೆ ಕೂರುವುದು—ಇವೆಲ್ಲ ಅರಿವೆ, ತಾಳ್ಮೆ ಮತ್ತು ಒಂದು ಭಾನುವಾರದಿಂದ ಗುಣವಾಗತಕ್ಕ ರೋಗಗಳು. ಮುಖ್ಯವಾಗಿ ಗಮನಿಸಬೇಕಾದುದೇನೆಂದರೆ, ಕಳ್ಳಗಾಳಿಯನ್ನು ಮುಚ್ಚದೆ ಕಾರ್ಬುರೇಟರನ್ನು ಕೂಡಿಸಿದರೆ ಅದೂ ಮುಗ್ಗರಿಸುವುದು. ಆಗ ಸ್ನೇಹಿತನು ಜೆಟ್ಟನ್ನು ದೂರುವನು.

ಶಕ್ತಿ ಹೆಚ್ಚುವುದೆಂಬ ಆಸೆಯನ್ನೂ ಸ್ವಲ್ಪ ತಡೆದು ನೋಡಬೇಕು. ಕವಾಟಗಳನ್ನು ತೆರೆಯುವ ಕ್ಯಾಮ್‌ಷಾಫ್ಟನ್ನು ತಯಾರಕರು ಇಂಜೆಕ್ಷನ್ನಿಗೆ ತಕ್ಕಂತೆ ಸೌಮ್ಯವಾಗಿ ರೂಪಿಸಿರುವರು. ಅದನ್ನು ಹಾಗೆಯೇ ಬಿಟ್ಟು ಕಾರ್ಬುರೇಟರನ್ನು ಮಾತ್ರ ಕೂಡಿಸಿದರೆ ಸದ್ದು ಇಂಪಾಗುವುದು ನಿಜ. ಪೆಟ್ರೋಲಿನ ಖರ್ಚು ಏರುವುದೂ ನಿಜ. ಶಕ್ತಿ ಮಾತ್ರ ಹೆಚ್ಚುವುದಿಲ್ಲ, ಅನೇಕ ವೇಳೆ ತಗ್ಗುವುದು. ಪ್ರತಿಪಕ್ಷಕ್ಕೂ ನ್ಯಾಯ ಸಲ್ಲಬೇಕು. ಎಂಜಿನ್ನನ್ನು ಪೂರ್ತಿ ಬಿಚ್ಚಿ, ದೊಡ್ಡ ಪಿಸ್ಟನ್ನುಗಳನ್ನೂ ಉಗ್ರವಾದ ಕ್ಯಾಮ್‌ಷಾಫ್ಟನ್ನೂ ಹಾಕಿ ಪಂದ್ಯಕ್ಕೆ ಸಿದ್ಧಪಡಿಸುವುದಾದರೆ, ಆ ಎಂಜಿನ್ನಿನ ಉಸಿರಾಟದ ಏರಿಳಿತವು ಹಳೆಯ ಒತ್ತಡದ ಡಬ್ಬಿಗೆ ಅರ್ಥವಾಗದು. ಅಂತಹವರಿಗೆ ಕಾರ್ಬುರೇಟರು ಸರಿಯಾದ ಆಯ್ಕೆಯೇ. ಹೊಸ ಬಗೆಯ, ನಮ್ಮ ಇಚ್ಛೆಯಂತೆ ತಿದ್ದಬಹುದಾದ ಇಂಜೆಕ್ಷನ್ ಇನ್ನೊಂದು ದಾರಿ. ಕಾರ್ಬುರೇಟರಿನ ಆಕಾರದಲ್ಲಿಯೇ ಇಂಜೆಕ್ಷನ್ನನ್ನು ಮಾಡಿ ಮಾರುವ ಚಮತ್ಕಾರವೂ ಈಗ ನಡೆದಿದೆ!

ಬದಲಾಯಿಸಲೇಬೇಕೆಂದು ನಿಶ್ಚಯಿಸಿದವರು ಒಂದು ವಿಷಯವನ್ನು ಅಲಕ್ಷ್ಯಮಾಡಿದರೆ ಮನೆಗೇ ಬೆಂಕಿ ಬಿದ್ದೀತು. ಡಿ-ಜೆಟ್ರಾನಿಕ್ಕಿನ ಪಂಪು ಪೆಟ್ರೋಲನ್ನು ಸುಮಾರು 2 ಬಾರ್ ಒತ್ತಡದಲ್ಲಿ ನೂಕುವುದು. ಕಾರ್ಬುರೇಟರಿಗೆ ಬೇಕಾದುದು ಅದರ ಹತ್ತನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹಳೆಯ ಪಂಪನ್ನೇ ಉಳಿಸಿಕೊಂಡರೆ ಬಟ್ಟಲಿನ ಮುಳ್ಳು ಆ ಒತ್ತಡವನ್ನು ತಡೆಯಲಾರದೆ ಪೆಟ್ರೋಲು ಉಕ್ಕಿ, ಬಿಸಿಯಾದ ಎಂಜಿನ್ನಿನ ಮೇಲೆ ಹರಿಯುವುದು. ಪಂಪು ಬದಲಾಗಬೇಕು, ಹಳೆಯ ರಬ್ಬರು ಕೊಳವೆಗಳಂತೂ ಇಂಜೆಕ್ಷನ್ ಉಳಿದರೂ ಹೋದರೂ ಬದಲಾಗಲೇಬೇಕು.

ಕಾನೂನಿನ ಮಾತೂ ಉಂಟು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೆ ಹಿಂದಿನ ಮಾದರಿಯ ಪೆಟ್ರೋಲು ಮೋಟಾರುಗಳಿಗೆ ನಿಯತಕಾಲದ ಹೊಗೆ ಪರೀಕ್ಷೆಯಿಂದ ವಿನಾಯಿತಿ, 1976ರದಕ್ಕೆ ಇಲ್ಲ. ಹೀಗಾಗಿ ಒಂದೇ ಬೀದಿಯಲ್ಲಿ ನಿಂತ ಎರಡು 914ಗಳಲ್ಲಿ 1973ರದು ಪರೀಕ್ಷೆಗೆ ಹೋಗಬೇಕಾಗಿಲ್ಲ; 1976ರದು ಕಾರ್ಬುರೇಟರು ಹಾಕಿಕೊಂಡು ಹೋದರೆ ತಪ್ಪಿತಸ್ಥನಂತೆ ನಿಲ್ಲಬೇಕು. ಇದೇ 914ರ 1.8 ಲೀಟರಿನ ಗಾಡಿಯನ್ನು ತಯಾರಕರೇ ಯೂರೋಪಿಗೆ ಕಾರ್ಬುರೇಟರಿನೊಡನೆಯೂ ಅಮೇರಿಕಕ್ಕೆ ಇಂಜೆಕ್ಷನ್ನಿನೊಡನೆಯೂ ಕಳುಹಿಸುತ್ತಿದ್ದರು.

ಇನ್ನು ಕಳಚಿದ ಭಾಗಗಳ ವಿಷಯ. ಡಬ್ಬಿ, ಪೆಟ್ಟಿಗೆ, ತಂತಿಗಳ ಕಟ್ಟು, ಸೂಜಿಬಾಯಿಗಳು—ಒಂದನ್ನೂ ಕತ್ತರಿಸದೆ, ಪ್ರತಿಯೊಂದಕ್ಕೂ ಚೀಟಿ ಕಟ್ಟಿ, ಒಣಗಿದ ಜಾಗದಲ್ಲಿ ಇಡತಕ್ಕದ್ದು. ಗೃಹಿಣಿಯರು ಅಟ್ಟದ ಮೇಲಿನ ಆ ಪೆಟ್ಟಿಗೆಯನ್ನು ಹಳೆಯ ಕಬ್ಬಿಣದವನಿಗೆ ಕೊಡಬಾರದೆಂದು ವಿಶೇಷವಾಗಿ ಪ್ರಾರ್ಥನೆ. ಕಾರ್ವೆಟ್ಟುಗಳಿಂದ ಕಿತ್ತು ಅಂದು ಕಾರ್ಖಾನೆಗಳ ಮೂಲೆಗೆ ಎಸೆದಿದ್ದ ರೋಚೆಸ್ಟರ್ ಸಾಧನಗಳನ್ನು, ಅವೇ ಗಾಡಿಗಳ ಇಂದಿನ ಮಾಲೀಕರು ಹಲವು ಸಾವಿರ ಡಾಲರು ತೆತ್ತು, ಊರೂರು ಹುಡುಕಿ ಕೊಂಡು ಪುನಃ ಕೂಡಿಸುತ್ತಿದ್ದಾರೆ.