ಗೋಡೆಯ ಬಣ್ಣವೂ ಗೃಹಸ್ಥನ ವಿವೇಕವೂ

ಮನೆ ಕಟ್ಟಿಸುವಾಗ ಕಲ್ಲು, ಕಟ್ಟಿಗೆ, ಗವಂಡಿಯ ಕೂಲಿ ಇವುಗಳ ವಿಷಯವಾಗಿ ತಿಂಗಳುಗಟ್ಟಲೆ ಆಲೋಚಿಸುವ ನಮ್ಮ ಗೃಹಸ್ಥರು, ಗೋಡೆಯ ಬಣ್ಣವನ್ನು ಮಾತ್ರ ಅಂಗಡಿಯಲ್ಲಿ ನಿಂತು ಅರ್ಧ ಗಳಿಗೆಯಲ್ಲಿ ಗೊತ್ತುಮಾಡಿಬಿಡುವರು. ಬಣ್ಣವು ಬರಿಯ ಶೃಂಗಾರವೆಂಬ ಭಾವನೆಯೇ ಇದಕ್ಕೆ ಕಾರಣವು. ಆದರೆ ಮಕ್ಕಳು ಓದುವ ಬೆಳಕೂ, ಹೆಣ್ಣುಮಕ್ಕಳು ಕಾಳು ಹಸನುಮಾಡುವ ಬೆಳಕೂ ಬಹುಮಟ್ಟಿಗೆ ಗೋಡೆಯಿಂದಲೇ ತಿರುಗಿ ಬರತಕ್ಕವು. ಆದುದರಿಂದ ಇದು ಕಣ್ಣಿಗೂ ಆರೋಗ್ಯಕ್ಕೂ ಹಣಕ್ಕೂ ಸಂಬಂಧಪಟ್ಟ ವಿಷಯವೆಂಬುದು ನಿರ್ವಿವಾದವು.

ಮಲಪ್ರಭೆಯ ದಂಡೆಯ ಮನೋಳಿಯಲ್ಲಿಯೂ, ಸುತ್ತಲಿನ ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರುಗಳ ಸೀಮೆಯಲ್ಲಿಯೂ ಉಳಿದಿರುವ ಹಳೆಯ ಮನೆಗಳನ್ನು ವಾಚಕರು ಒಮ್ಮೆ ಲಕ್ಷ್ಯಗೊಟ್ಟು ನೋಡಬೇಕು. ದಪ್ಪನಾದ ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುಮನೆಗೆ ಒಂದೇ ಬೆಳಕಿಂಡಿ. ಇಂಥ ಮನೆಯಲ್ಲಿ ಹಿರಿಯರು ಗೋಡೆಗೆ ಸುಣ್ಣವನ್ನೂ ಬುಡಕ್ಕೆ ಕೆಮ್ಮಣ್ಣನ್ನೂ ಹಚ್ಚುತ್ತಿದ್ದರು. ಸುಣ್ಣವು ಬೆಳಕಿಂಡಿಯ ಅಲ್ಪ ಬೆಳಕನ್ನು ಮೂಲೆಮೂಲೆಗೂ ಎಸೆಯುತ್ತಿತ್ತು. ಕೆಂಪು ಪಟ್ಟಿಯು ಕಾಲಿನ ಧೂಳನ್ನೂ ನೀರಿನ ಸಿಡಿತವನ್ನೂ ಮರೆಸುತ್ತಿತ್ತು. ಇದನ್ನು ಬಡತನದ ಪದ್ಧತಿಯೆಂದು ನಗುವವರು ಅದರಲ್ಲಿಯ ಯುಕ್ತಿಯನ್ನು ಅರಿಯರು.

ಹಳದಿ ಮಣ್ಣು, ಕೆಮ್ಮಣ್ಣು ಎರಡಕ್ಕೂ ಬಣ್ಣ ಕೊಡುವುದು ಕಬ್ಬಿಣವೇ. ಅದರ ತುಕ್ಕಿನಲ್ಲಿ ನೀರಿನ ಅಂಶವು ಸೇರಿದ್ದರೆ ಹಳದಿ. ಸುಟ್ಟು ಆ ನೀರನ್ನು ಕಳೆದರೆ ಕೆಂಪು. ಇಂಥ ಮಣ್ಣಿನ ಬಣ್ಣಗಳು ಬಿಸಿಲಿಗೆ ಮಾಸವು, ಸುಣ್ಣದ ತೀಕ್ಷ್ಣತೆಗೂ ಕೆಡವು. ಸೋಸಿದ ಸುಣ್ಣದಲ್ಲಿ ಸ್ವಲ್ಪ ಹಳದಿ ಮಣ್ಣನ್ನು ಕದಡಿದರೆ ಹಾಲಿನ ಕೆನೆಯಂಥ ಬಣ್ಣವು ದೊರೆಯುವುದು. ಅಚ್ಚ ಬಿಳುಪಿನಂತೆ ಕಣ್ಣು ಕುಕ್ಕದೆ, ಗಾಢ ಬಣ್ಣದಂತೆ ಬೆಳಕನ್ನು ನುಂಗದೆ, ಯಾವ ಪಾತ್ರೆಪದಾರ್ಥಕ್ಕೂ ಚಿತ್ರಪಟಕ್ಕೂ ಹೊಂದಿಕೊಳ್ಳುವ ಬೆಚ್ಚನೆಯ ಬಣ್ಣವಿದು.

ಇಂದು ಅಂಗಡಿಗಳಲ್ಲಿ ಯಂತ್ರವು ನೂರಾರು ಛಾಯೆಗಳನ್ನು ಕಲಸಿಕೊಡುತ್ತದೆ. ಹೆಸರಿಗೆ ಮರುಳಾಗದೆ ಕೋಣೆಯ ದಿಕ್ಕನ್ನು ನೋಡಬೇಕು. ಉತ್ತರದ ಕಿಟಕಿಯಿಂದ ಬರುವುದು ಬಹುಶಃ ಆಕಾಶದ ನೀಲಿಗೂಡಿದ ಬೆಳಕು. ಅಲ್ಲಿ ಬೂದುಬಣ್ಣವು ಮಂಕಾಗುವುದು, ಹಳದಿ ಬೆರೆತ ಕೆನೆಬಣ್ಣವೇ ಲೇಸು. ಪಶ್ಚಿಮದ ಕೋಣೆಗೆ ಸಂಜೆಯ ಬಿಸಿಲೇ ಕೆಂಪನ್ನು ತರುವುದರಿಂದ ಅಲ್ಲಿ ಒಣಹುಲ್ಲಿನ ಅಥವಾ ಮರಳಿನ ತಿಳಿ ಛಾಯೆಯು ಸಾಕು. ರಾತ್ರಿಯ ದೀಪವನ್ನೂ ಮರೆಯಲಾಗದು: 2700 ಕೆಲ್ವಿನ್ ಎಂದು ಬರೆದ ದೀಪವು ಹಳದಿ ಬೆಳಕನ್ನೂ, 6500 ಎಂದು ಬರೆದುದು ನೀಲಿಬಿಳುಪನ್ನೂ ಕೊಡುವುದು. ಅದೇ ಗೋಡೆಯು ಒಂದರಲ್ಲಿ ಬೆಣ್ಣೆಯಂತೆ, ಇನ್ನೊಂದರಲ್ಲಿ ಬೂದಿಯಂತೆ ಕಂಡೀತು. ಆದುದರಿಂದ ಎರಡು ಗೋಡೆಗಳ ಮೇಲೆ ಎರಡೆರಡು ಅಡಿ ಹಚ್ಚಿ, ಪೂರ್ಣ ಒಣಗಿದ ಮೇಲೆ ಮುಂಜಾನೆ, ಮಧ್ಯಾಹ್ನ, ದೀಪದ ಹೊತ್ತು ಮೂರೂ ಸಲ ನೋಡಿಯೇ ನಿರ್ಣಯಿಸತಕ್ಕದ್ದು. ಹಸಿ ಸುಣ್ಣದ ಬಣ್ಣವು ಒಣಗಿದಾಗ ಬಹಳ ತಿಳಿಯಾಗುವುದೆಂಬುದು ನೆನಪಿರಲಿ.

ಇನ್ನು ನಾವು ಒತ್ತಿ ಹೇಳಬೇಕಾದ ಮಾತೊಂದಿದೆ. ಹಳೆಯ ಮಣ್ಣಿನ ಗೋಡೆಯು ಮಳೆಗಾಲದಲ್ಲಿ ನೆಲದ ತೇವವನ್ನು ಹೀರಿ, ಬೇಸಿಗೆಯಲ್ಲಿ ಹೊರಗೆ ಬಿಡುವುದು. ಸುಣ್ಣವು ಈ ಉಸಿರಾಟಕ್ಕೆ ಅಡ್ಡ ಬಾರದು. ಅದರ ಮೇಲೆ ಸಿಮೆಂಟಿನ ಗಿಲಾವು, ಎಣ್ಣೆಬಣ್ಣಗಳನ್ನು ಬಿಗಿದರೆ ತೇವವು ಒಳಗೇ ಸಿಕ್ಕು, ಬಣ್ಣವು ಉಬ್ಬಿ, ಗಿಲಾವು ಕಳಚಿ, ಕಡೆಗೆ ಗೋಡೆಯೇ ಸಡಿಲಾಗುವುದು. ತಲೆಮಾರುಗಳನ್ನು ಕಂಡ ಮನೆಯನ್ನು ಅಂದಗೊಳಿಸಲು ಹೋಗಿ ಕೆಡಹುವುದು ಯಾವ ವಿವೇಕ? ಸಿಮೆಂಟಿನ ಹೊಸ ಮನೆಯವರು ಅಂಗಡಿಯ ಬಣ್ಣವನ್ನು ಧಾರಾಳವಾಗಿ ಬಳಸಲಿ. ಆದರೆ ಡಬ್ಬಿಯ ಮೇಲಿನ ಬರಹವನ್ನು ಓದದೆ ಕೊಳ್ಳಬಾರದು. ಸೀಸವು ಕೂಸುಗಳ ಬುದ್ಧಿಶಕ್ತಿಗೆ ವಿಷವಾದುದರಿಂದ, ಮನೆಬಣ್ಣಗಳಲ್ಲಿ ಅದು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವು 2016ರಲ್ಲಿ ಹೊರಟು 2017ರ ನವೆಂಬರದಿಂದ ಜಾರಿಯಲ್ಲಿದೆ. ಹಳೆಯ ಎಣ್ಣೆಬಣ್ಣವನ್ನು ಒಣಗಿದಂತೆಯೇ ಕೆರೆಯಿಸಿ ಮಕ್ಕಳಿದ್ದಲ್ಲಿ ಧೂಳೆಬ್ಬಿಸುವುದೂ ಅಪಾಯಕರವು.

ದಸರೆ ದೀಪಾವಳಿಗಳ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸುವುದು ನಮ್ಮಲ್ಲಿ ನಡೆದುಬಂದ ರೂಢಿ. ಈ ಸಲ ಅಂಗಡಿಗೆ ಹೋಗುವ ಮುನ್ನ ಗೃಹಸ್ಥನು ತನ್ನ ಗೋಡೆಯು ಮಣ್ಣಿನದೋ ಸಿಮೆಂಟಿನದೋ, ಅದರ ಮೇಲೆ ಯಾವ ಹೊತ್ತಿನ ಬೆಳಕು ಬೀಳುವುದೋ ಎಂಬುದನ್ನು ನೋಡಲಿ. ದಿನದ ಬಹುಭಾಗವನ್ನು ಆ ಕೋಣೆಯಲ್ಲಿ ಕಳೆಯುವ ಮನೆಯ ಹೆಣ್ಣುಮಕ್ಕಳ ಅಭಿಪ್ರಾಯವನ್ನೂ ಕೇಳಲಿ. ನೆರೆಮನೆಯನ್ನು ಮೀರಿಸಬೇಕೆಂಬ ಹಟಕ್ಕಿಂತ ಈ ವಿಚಾರಣೆಯು ಅಗ್ಗವೂ ಹಿತಕರವೂ ಆದುದು.