ಗಣಕಯಂತ್ರದ ಗಡಿಯಾರ ಮತ್ತು ನಿತ್ಯದ ಕೆಲಸ

ಗಣಕಯಂತ್ರವನ್ನು ಕೊಳ್ಳಹೊರಟವರ ಗಮನ ಮೊದಲು ಹರಿಯುವುದು ಅದರ ಗಿಗಾಹರ್ಟ್ಸ್ ಸಂಖ್ಯೆಯ ಕಡೆಗೆ. ಸಂಖ್ಯೆ ದೊಡ್ಡದಾದಷ್ಟೂ ಯಂತ್ರವು ಚುರುಕು ಎಂಬ ನಂಬಿಕೆ ವ್ಯಾಪಕವಾಗಿದೆ. ಸಣ್ಣ ವ್ಯಾಪಾರಿಗಳೂ ಮಧ್ಯಮ ವರ್ಗದ ಕುಟುಂಬಗಳೂ ಈ ನಂಬಿಕೆಯಿಂದ ಅಧಿಕ ಹಣ ತೆರುವುದುಂಟು. ಆದುದರಿಂದ ಈ ಸಂಖ್ಯೆಯ ನಿಜವಾದ ಅರ್ಥವನ್ನು ತಿಳಿಯುವುದು ಅವಶ್ಯ.

ಗಡಿಯಾರವೆಂದರೇನು?

ಯಂತ್ರದ ಮಿದುಳೆನಿಸಿದ ಪ್ರೊಸೆಸರ್, ವಿದ್ಯುತ್ ಮಿಡಿತಗಳ ಲಯಕ್ಕೆ ಅನುಗುಣವಾಗಿ ಕೆಲಸ ಮಾಡುತ್ತದೆ. 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ಮಿಡಿತಗಳು. ಆದರೆ ಪ್ರತಿ ಮಿಡಿತದಲ್ಲಿ ನಡೆಯುವ ಕೆಲಸವು ಎಲ್ಲ ಪ್ರೊಸೆಸರ್‌ಗಳಲ್ಲಿಯೂ ಸಮನಾಗಿರುವುದಿಲ್ಲ. ಸೂರತ್ ನಗರಕ್ಕೆ ಚಿರಪರಿಚಿತವಾದ ಮಗ್ಗವನ್ನೇ ನೋಡಬಹುದು. ಲಾಳಿ ಎಷ್ಟೇ ವೇಗವಾಗಿ ಓಡಿದರೂ ಬಟ್ಟೆಯ ಅಗಲ ಕಿರಿದಾಗಿದ್ದರೆ ಉತ್ಪಾದನೆ ಕಡಿಮೆ. ನೂಲು ಸಕಾಲಕ್ಕೆ ಒದಗದಿದ್ದರೆ ಮಗ್ಗವೇ ನಿಲ್ಲುತ್ತದೆ.

1981ರ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್. 2004ರ ವೇಳೆಗೆ ಪೆಂಟಿಯಂ 4 ಪ್ರೊಸೆಸರ್ 3.8 ಗಿಗಾಹರ್ಟ್ಸ್ ಮುಟ್ಟಿತು. ಇದು ಸುಮಾರು 800 ಪಟ್ಟು ಏರಿಕೆ. ಅಲ್ಲಿಗೆ ಓಟ ನಿಧಾನವಾಯಿತು. ವಿಪರೀತ ಶಾಖದ ಸಮಸ್ಯೆ ಎದುರಾಗಿ, 4 ಗಿಗಾಹರ್ಟ್ಸ್ ಪೆಂಟಿಯಂ 4ರ ಯೋಜನೆಯನ್ನು ಇಂಟೆಲ್ ಅದೇ ವರ್ಷ ಕೈಬಿಟ್ಟಿತು. 2024ರಲ್ಲಿ ಬಂದ ಅತಿ ವೇಗದ ಪ್ರೊಸೆಸರ್‌ಗಳ ಗರಿಷ್ಠ ಮಿತಿ 6.2 ಗಿಗಾಹರ್ಟ್ಸ್, ಇಪ್ಪತ್ತು ವರ್ಷಗಳಲ್ಲಿ ಎರಡು ಪಟ್ಟೂ ಆಗಲಿಲ್ಲ. ಈ ಅವಧಿಯ ಪ್ರಗತಿ ಬಹುಪಾಲು ಬಂದುದು ಪ್ರತಿ ಮಿಡಿತದ ಕೆಲಸವನ್ನು ಹೆಚ್ಚಿಸುವುದರಿಂದ ಮತ್ತು ಒಂದೇ ಚಿಪ್‌ನಲ್ಲಿ ಅನೇಕ ಕೋರ್‌ಗಳನ್ನು ಅಳವಡಿಸುವುದರಿಂದ.

ಕಾಯುವಿಕೆಯ ಲೆಕ್ಕ

ನಿತ್ಯದ ಕೆಲಸದಲ್ಲಿ ಪ್ರೊಸೆಸರ್ ಬಹಳ ಹೊತ್ತು ಸುಮ್ಮನೆ ಕಾಯುತ್ತದೆ. ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯೊಬ್ಬನು ಪ್ರಬಂಧ ಬೆರಳಚ್ಚಿಸುವಾಗ ಎರಡು ಅಕ್ಷರಗಳ ನಡುವೆ ಕೋಟ್ಯಂತರ ಮಿಡಿತಗಳು ಕಳೆದುಹೋಗುತ್ತವೆ. ತಿರುಗುವ ಹಾರ್ಡ್ ಡಿಸ್ಕ್‌ನಿಂದ ಮಾಹಿತಿ ಬರಲು ಸುಮಾರು 10 ಮಿಲಿಸೆಕೆಂಡು ಬೇಕು. 3 ಗಿಗಾಹರ್ಟ್ಸ್ ಪ್ರೊಸೆಸರ್‌ಗೆ ಅದು 3 ಕೋಟಿ ಮಿಡಿತಗಳ ಕಾಯುವಿಕೆ.

ಸೂರತ್‌ನ ಜವಳಿ ವ್ಯಾಪಾರಿಯೊಬ್ಬನ ಲೆಕ್ಕಪತ್ರ ತೆರೆಯಲು 20 ಸೆಕೆಂಡು ಬೇಕೆಂದೂ, ಅದರಲ್ಲಿ ಗಣನೆಗೆ 5, ಡಿಸ್ಕ್‌ನ ಓದಿಗೆ 15 ಸೆಕೆಂಡು ವ್ಯಯವಾಗುವುದೆಂದೂ ಇಟ್ಟುಕೊಳ್ಳೋಣ. ಗಡಿಯಾರದ ವೇಗವನ್ನು ಶೇಕಡಾ 25ರಷ್ಟು ಹೆಚ್ಚಿಸಿದರೆ ಗಣನೆ 4 ಸೆಕೆಂಡಿಗೆ ಇಳಿದು, ಒಟ್ಟು ಕಾಲ 19 ಸೆಕೆಂಡು ಆಗುವುದು. ಅದರ ಬದಲು ಐದು ಪಟ್ಟು ವೇಗದ ಎಸ್‌ಎಸ್‌ಡಿ ಹಾಕಿಸಿದರೆ ಓದು 3 ಸೆಕೆಂಡಿಗೆ ಇಳಿದು, ಕೆಲಸವೆಲ್ಲ 8 ಸೆಕೆಂಡಿನಲ್ಲಿ ಮುಗಿಯುವುದು.

ವೇಗ ಬೇಕಾಗುವ ಕಡೆ

ಹಾಗೆಂದು ಗಡಿಯಾರದ ವೇಗ ನಿರರ್ಥಕವಲ್ಲ. ಸೂರತ್‌ನಲ್ಲಿ ಕಚ್ಚಾ ವಜ್ರವನ್ನು ಸ್ಕ್ಯಾನ್ ಮಾಡಿ, ಯಾವ ಆಕಾರದಲ್ಲಿ ಕತ್ತರಿಸಿದರೆ ಹೆಚ್ಚು ಬೆಲೆ ದೊರೆಯುವುದೆಂದು ಗಣಕದಿಂದ ತಿಳಿಯುವ ಪದ್ಧತಿಯಿದೆ. ಇಂತಹ ಸತತ ಗಣನೆಗೆ ವೇಗವೂ ಕೋರ್‌ಗಳ ಸಂಖ್ಯೆಯೂ ನೆರವಾಗುತ್ತವೆ. ಅಹಮದಾಬಾದ್‌ನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ 2015ರಲ್ಲಿ ಸ್ಥಾಪಿತವಾದ ‘ವಿಕ್ರಮ್-100’ ಗಣಕದ ಸಾಮರ್ಥ್ಯ 100 ಟೆರಾಫ್ಲಾಪ್ಸ್, ಅಂದರೆ ಸೆಕೆಂಡಿಗೆ ನೂರು ಲಕ್ಷ ಕೋಟಿ ಗಣನೆಗಳು. ಈ ಬಲವು ಒಂದೇ ಪ್ರೊಸೆಸರ್‌ನ ಓಟದಿಂದಲ್ಲ, ಸಾವಿರಾರು ಕೋರ್‌ಗಳ ಏಕಕಾಲದ ದುಡಿಮೆಯಿಂದ ಬಂದುದು.

ಹವಾಮಾನವನ್ನೂ ಮರೆಯಬಾರದು. 2016ರ ಮೇ ತಿಂಗಳಲ್ಲಿ ಅಹಮದಾಬಾದ್‌ನ ಉಷ್ಣಾಂಶ 48 ಡಿಗ್ರಿ ಸೆಲ್ಷಿಯಸ್ ತಲುಪಿತ್ತು. ಅತಿಯಾಗಿ ಬಿಸಿಯಾದ ಪ್ರೊಸೆಸರ್ ತನ್ನನ್ನು ರಕ್ಷಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಫ್ಯಾನಿನಲ್ಲಿ ಧೂಳು ತುಂಬಿದ್ದರೆ, ಪೆಟ್ಟಿಗೆಯ ಮೇಲೆ ಬರೆದ ವೇಗವು ಬಳಕೆದಾರನ ಕೈಗೆ ಸಿಗುವುದೇ ಇಲ್ಲ.

ಕೊಳ್ಳುವ ಮುನ್ನ ಯಂತ್ರದಿಂದ ಯಾವ ಕೆಲಸ ಆಗಬೇಕೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಪತ್ರವ್ಯವಹಾರ, ಲೆಕ್ಕಪತ್ರ, ಅಂತರಜಾಲ ಇಷ್ಟೇ ಆದರೆ, ಸಾಕಷ್ಟು ರ್‍ಯಾಮ್ ಮತ್ತು ಎಸ್‌ಎಸ್‌ಡಿ ಇರುವ ಸಾಧಾರಣ ವೇಗದ ಯಂತ್ರ ಸಾಕು. ಹಳೆಯ ಯಂತ್ರವು ನಿಧಾನವಾಗಿದ್ದರೆ ಅದನ್ನು ಬಿಸಾಡುವ ಮೊದಲು ಧೂಳು ತೆಗೆಸಿ, ಡಿಸ್ಕ್ ಬದಲಿಸಿ ನೋಡುವುದು ಲೇಸು. ಎರಡು ಯಂತ್ರಗಳನ್ನು ಹೋಲಿಸುವಾಗ, ತಮ್ಮದೇ ಕೆಲಸವನ್ನು ಅವುಗಳಲ್ಲಿ ಮಾಡಿಸಿ ಹಿಡಿಯುವ ಕಾಲವನ್ನು ಅಳೆಯುವುದೇ ಅತ್ಯಂತ ವಿಶ್ವಸನೀಯ ಪರೀಕ್ಷೆ.