ಸೂರಿಗೆ ದೋಣಿ

ಮಳೆಯೇ ಅಪರೂಪವಾದ ಸೀಮೆಯಲ್ಲಿ ಸೂರಿಗೆ ದೋಣಿ ಕಟ್ಟಿಸುವುದೇಕೆಂದು ಕೋಲಾರದ ಕಡೆಯವರು ಕೇಳುವುದುಂಟು. ಮಲೆನಾಡಿನಲ್ಲಿ ಈ ಪ್ರಶ್ನೆ ಹುಟ್ಟದು. ಸೀಳಿದ ಅಡಕೆಮರದ ದಂಬೆಯಾದರೂ ಅಲ್ಲಿನ ಸೂರಿನ ಕೆಳಗೆ ಕಾಣುವುದು. ಆದರೆ ವಿಚಾರಿಸಿ ನೋಡಿದರೆ, ದೋಣಿಯ ಅಗತ್ಯವು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಂಥ ಬಯಲುಸೀಮೆಯ ತಾಲ್ಲೂಕುಗಳಿಗೇ ಹೆಚ್ಚೆಂದು ನಮಗೆ ತೋರುತ್ತದೆ.

ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 700 ಮಿಲಿಮೀಟರಿಗೆ ತುಸು ಹೆಚ್ಚು. ಅದು ಜಡಿಮಳೆಯಾಗಿ ತಿಂಗಳುಗಟ್ಟಲೆ ಹನಿಯುವಂಥದಲ್ಲ. ಮೇ ತಿಂಗಳ ಗುಡುಗುಮಳೆಯಾಗಿಯೂ ಸೆಪ್ಟೆಂಬರ್, ಅಕ್ಟೋಬರುಗಳ ಬಿರುಮಳೆಯಾಗಿಯೂ ಒಂದೆರಡು ಗಂಟೆಗಳಲ್ಲಿ ಸುರಿದು ಮುಗಿಯುವುದೇ ಹೆಚ್ಚು. ಅಷ್ಟು ನೀರೂ ಸೂರಿನಿಂದ ಒಂದೇ ಗೆರೆಯಲ್ಲಿ ಇಳಿದು ಗೋಡೆಯ ಬುಡದಲ್ಲಿ ಕಾಲುವೆ ತೋಡುತ್ತದೆ. ಮಣ್ಣಿನಲ್ಲಿ ಕಲ್ಲಿಟ್ಟು ಕಟ್ಟಿದ ಹಳೆಯ ಮನೆಗಳ ತಳಪಾಯ ಸಡಿಲುವುದೂ, ತೇವವೇರಿ ಗಾರೆ ಉದುರುವುದೂ, ಕೆಸರು ಸಿಡಿದು ಗೋಡೆ ಮೊಣಕಾಲೆತ್ತರಕ್ಕೆ ಕೆಂಪಾಗುವುದೂ ಈ ಗೆರೆಯ ಕೆಲಸವೇ. ಹೆಂಚಿಗೆ ಹೆಸರಾದ ಮಾಲೂರು ಪಕ್ಕದಲ್ಲಿಯೇ ಇದೆ. ಹೆಂಚನ್ನು ಆರಿಸುವಾಗ ಇರುವ ಎಚ್ಚರ ಹೆಂಚಿನಿಂದಿಳಿಯುವ ನೀರಿನ ವಿಷಯದಲ್ಲಿ ಇರುವುದು ಕಡಮೆ.

ಗೋಡೆಯ ಮಾತು ಹಾಗಿರಲಿ. ಅದಕ್ಕಿಂತ ದೊಡ್ಡದು ಬಾಯಿಗೆ ಹೋಗುವ ನೀರಿನ ಮಾತು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಬತ್ತಿದ ಮೇಲೆ ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದವು. ಕಗ್ಗಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಾದ ಅಂಥ ನೀರನ್ನು ಎಳವೆಯಿಂದ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದುಗೆರೆ ಮೂಡುತ್ತದೆ. ಅದು ಬಹಳ ಹೆಚ್ಚಾಗಿ, ವರ್ಷಗಟ್ಟಲೆ ಕುಡಿದರೆ ಬೆನ್ನೂ ಕೀಲುಗಳೂ ಬಿಗಿಯುತ್ತವೆ. ಕಾಯಿಸಿ ಕುಡಿದರೆ ದೋಷ ಹೋದೀತೆಂಬ ನಂಬಿಕೆ ಇದೆ. ಅದು ತಪ್ಪು. ಕಾಯಿಸಿದಾಗ ನೀರು ಆವಿಯಾಗಿ ಕುಗ್ಗುತ್ತದೆಯೇ ಹೊರತು ಫ್ಲೋರೈಡ್ ಹೋಗದು. 2018ರಿಂದ ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ಸಂಸ್ಕರಿಸಿದ ನೀರನ್ನು ಈ ಜಿಲ್ಲೆಯ ಕೆರೆಗಳಿಗೆ ಹರಿಸಿರುವುದು ಅಂತರ್ಜಲಕ್ಕಾಗಿ. ಅದು ನೇರವಾಗಿ ಕುಡಿಯತಕ್ಕ ನೀರಲ್ಲ. ಮುಗಿಲಿನ ನೀರಿನಲ್ಲಾದರೋ ಫ್ಲೋರೈಡ್ ಇಲ್ಲವೆನ್ನುವಷ್ಟು ಅಲ್ಪ.

ಈ ಮಳೆ ಸಾಕಾದೀತೆ? ಲೆಕ್ಕ ಸುಲಭ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರ್ ಚಾವಣಿಗೆ ವರ್ಷಕ್ಕೆ 70,000 ಲೀಟರ್. ಐದರಲ್ಲೊಂದು ಪಾಲು ವ್ಯರ್ಥವಾದರೂ 56,000 ಉಳಿಯುತ್ತದೆ. ಐದು ಜನರ ಸಂಸಾರಕ್ಕೆ ಕುಡಿಯಲೂ ಅಡಿಗೆಗೂ ದಿನಕ್ಕೆ 25 ಲೀಟರೆಂದು ಹಿಡಿದರೆ, ಮಳೆಯಿಲ್ಲದ ಆರು ತಿಂಗಳಿಗೆ 4,500 ಲೀಟರ್ ಬೇಕು. ಐದು ಸಾವಿರ ಲೀಟರಿನ ಒಂದು ತೊಟ್ಟಿ ಸಾಕು. ಹಳೆಯ ತೊಟ್ಟಿಮನೆಗಳಲ್ಲಿ ಮೂಲೆಯ ತಗಡುದೋಣಿಯ ಬಾಯಿಗೆ ಹಂಡೆಯಿಡುತ್ತಿದ್ದ ಗೃಹಿಣಿಯರು ಈ ಲೆಕ್ಕವನ್ನು ಕಾಗದವಿಲ್ಲದೆಯೇ ಮಾಡಿದ್ದರು.

ದೋಣಿಯನ್ನು ಸತುವು ಲೇಪಿಸಿದ ತಗಡಿನಲ್ಲಾಗಲಿ ಪಿ.ವಿ.ಸಿ.ಯಲ್ಲಾಗಲಿ ಮಾಡಿಸಬಹುದು. ಹತ್ತು ಅಡಿಗೆ ಒಂದು ಅಂಗುಲದಷ್ಟು ವಾಟವಿರಬೇಕು. ಎರಡು ಮೂರು ಅಡಿಗೊಂದು ಕಬ್ಬಿಣದ ಕೊಕ್ಕೆ ಬೇಕು. ತೀರ ಕಿರಿದಾದ ದೋಣಿಯನ್ನು ಕೋಲಾರದ ಬಿರುಮಳೆ ಹಾರಿ ದಾಟುತ್ತದೆ, ಇದರಲ್ಲಿ ಮಿತವ್ಯಯ ಸಲ್ಲದು. ಈಗಿನ ಸಿಮೆಂಟ್ ತಾರಸಿಗೆ ದೋಣಿಯೇ ಬೇಡ. ಬೀದಿಗೆ ಚಾಚಿದ ನಳಿಗೆಗಳನ್ನು ಕೂಡಿಸಿ ಒಂದು ಕೊಳವೆಗೆ ಇಳಿಸಿದರಾಯಿತು. ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳ ಮನೆಗಳಿಗೆ ಮಳೆನೀರಿನ ಸಂಗ್ರಹವನ್ನು 2009ರಲ್ಲಿಯೇ ಕಾನೂನು ಕಡ್ಡಾಯಗೊಳಿಸಿತು. ಊರಿನ ಮನೆಗೆ ಅದನ್ನು ಮಾಡಿಸಲು ಕಾನೂನನ್ನು ಕಾಯಬೇಕೆ?

ಮೊದಲ ಮಳೆಯ ನೀರನ್ನು ಮಾತ್ರ ತೊಟ್ಟಿಗೆ ಬಿಡತಕ್ಕದ್ದಲ್ಲ. ಚಾವಣಿಯ ಧೂಳೂ ಹಕ್ಕಿಗಳ ಹಿಕ್ಕೆಯೂ ಅದರೊಡನೆ ಬರುತ್ತವೆ. ಮುಂದಿನ ಮಳೆಗಳಲ್ಲಿಯೂ ಮೊದಲ ನೂರಿನ್ನೂರು ಲೀಟರನ್ನು ಹೊರಗೆ ಹರಿಯಬಿಟ್ಟು, ಉಳಿದುದನ್ನು ಜಲ್ಲಿ, ಮರಳು, ಇದ್ದಿಲುಗಳ ಮೂಲಕ ಸೋಸಬೇಕು. ತೊಟ್ಟಿಗೆ ಬೆಳಕು ಬೀಳಬಾರದು. ಸೊಳ್ಳೆ ನುಗ್ಗದಂತೆ ಬಾಯಿಗೆ ಸಣ್ಣ ಜಾಲರಿ ಬಿಗಿಯಬೇಕು. ಈ ನೀರನ್ನು ಕುಡಿಯುವ ಮುನ್ನ ಕಾಯಿಸುವುದು ಯೋಗ್ಯ. ಇಲ್ಲಿ ಕಾಯಿಸುವುದು ಕ್ರಿಮಿಗಳಿಗಾಗಿ, ಅದರಿಂದ ನಿಜವಾಗಿ ಪ್ರಯೋಜನವುಂಟು. ಮಾವಿನ ಸೀಮೆಯಾದ ಶ್ರೀನಿವಾಸಪುರದ ಕಡೆ ಒಣಗಿದ ಹೂವೂ ತರಗೆಲೆಯೂ ದೋಣಿಯನ್ನು ತುಂಬುವ ಸಂಭವ ಹೆಚ್ಚು. ಆದುದರಿಂದ ಏಪ್ರಿಲ್ ಮುಗಿಯುವುದರೊಳಗೆ ಏಣಿ ಹಾಕಿ ಒಮ್ಮೆ ತೆಗೆಸಿಬಿಡಬೇಕು.